ಕಾಶಿಯ ತೋಳು

ನನ್ನ ಮುಖದ ಸಂಗತಿಯನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಇಲ್ಲದಿದ್ದರೆ ಜನ ಕಥೆ ಬಿಟ್ಟು ಮುಖವನ್ನೇ ನೋಡುತ್ತ ಕೂಡುತ್ತಾರೆ. ಏಳು ವರ್ಷದವಳಿದ್ದಾಗ ನನಗೆ ಸಿಡುಬು ಬಂದಿತ್ತು. ಜೀವ ಉಳಿಯಿತು, ಮುಖ ಉಳಿಯಲಿಲ್ಲ. ಹಣೆಯಿಂದ ಗದ್ದದವರೆಗೆ ಬೆರಳಿಡಲು ಜಾಗವಿಲ್ಲದಷ್ಟು ಕುಳಿ. ಎಡಗಣ್ಣಿನಲ್ಲಿ ಹೂವು ಬಿದ್ದು ಅದೂ ಹೋಯಿತು. ತೊಟ್ಟಿಲಲ್ಲಿದ್ದಾಗಲೇ ನನಗೆಂದು ಮಾತಾಗಿದ್ದ ಸೋದರಮಾವನ ಮಗ ಬೇರೆ ಕಡೆ ಮದುವೆಯಾದ. ಹಳಿಯಾಳದ ಪೇಟೆಯಲ್ಲಿ ಬಸುರಿ ಹೆಂಗಸರು ನನ್ನನ್ನು ಕಂಡರೆ ಸೆರಗು ಮುಂದೆಳೆದುಕೊಂಡು ಆಚೆ ಹೊರಳುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ, ಬೇಕೆಂದೇ ಎದುರು ಹೋಗಿ ಎಷ್ಟು ತಿಂಗಳು ಎಂದು ವಿಚಾರಿಸುತ್ತಿದ್ದೆ. ಬಾಯಿಯನ್ನಂತೂ ದೇವರು ನನ್ನಿಂದ ಕಸಿದುಕೊಂಡಿರಲಿಲ್ಲ.

ತಮ್ಮ ಅಡಿವೆಯ್ಯ ನನ್ನನ್ನು ಎಂದೂ ಹೊರೆ ಎಂದುಕೊಳ್ಳಲಿಲ್ಲ. ಯುದ್ಧದ ವರ್ಷಗಳಲ್ಲಿ ಅವನಿಗೆ ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಕೆಲಸ ಸಿಕ್ಕಿತು. ಕಾಡಿನಿಂದ ಬಂದ ಸಾಗವಾನಿ ದಿಮ್ಮಿಗಳ ತಲೆಗೆ ಸುತ್ತಿಗೆಯಿಂದ ಸರಕಾರದ ಗುರುತು ಹೊಡೆಯುವುದು ಅವನ ಕೆಲಸ. ನಾವು ಹಳಿಯಾಳದ ಮನೆ ಬಿಟ್ಟು ಡಿಪೋದ ಹಿಂದಿನ ಸಾಲುಮನೆಗೆ ಬಂದೆವು. ಅಡಿವೆಯ್ಯ, ಅವನ ಹೆಂಡತಿ ಶಿವವ್ವ, ಐದು ವರ್ಷದ ಮಗಳು ಕಾಶೆವ್ವ, ಆ ಚಳಿಗಾಲದಲ್ಲಿ ಹುಟ್ಟಿದ ಗಂಡುಕೂಸು, ಮತ್ತು ನಾನು, ಈರಕ್ಕ.

ಕಾಶೆವ್ವ ಎಂದು ನಮ್ಮ ತಾಯಿಯ ಹೆಸರನ್ನೇ ಇಟ್ಟಿದ್ದರು. ಎಲ್ಲರ ಬಾಯಲ್ಲಿ ಅವಳು ಕಾಶಿ. ಅವಳ ಮುಖ ತೊಳೆಯುವ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಒದ್ದೆ ಕೈಯನ್ನು ಹಣೆಯಿಂದ ಕೆಳಗೆ ಜಾರಿಸಿದರೆ ಎಲ್ಲಿಯೂ ತಡೆಯದೆ ಗದ್ದಕ್ಕೆ ಬಂದು ನಿಲ್ಲುತ್ತಿತ್ತು. ಮನುಷ್ಯರ ಮುಖ ಹೀಗಿರುತ್ತದೆ ಎಂದು ನನ್ನ ಕೈಗೆ ಗೊತ್ತಾದದ್ದು ಅವಳಿಂದ. ಅವಳಿಗೋ ನನ್ನ ಮುಖವೇ ಆಟದ ಸಾಮಾನು. ಮಲಗುವ ಮುಂಚೆ ನನ್ನ ಕೆನ್ನೆಯ ಕುಳಿಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ಎಣಿಸುತ್ತಿದ್ದಳು. ಇಪ್ಪತ್ತರ ಮುಂದೆ ಅವಳಿಗೆ ಬರುತ್ತಿರಲಿಲ್ಲ, ಮತ್ತೆ ಒಂದರಿಂದ ಶುರು. ಈ ಲೋಕದಲ್ಲಿ ನನ್ನ ಮುಖವನ್ನು ಪ್ರೀತಿಯಿಂದ ಮುಟ್ಟಿದವಳು ಅವಳೊಬ್ಬಳೇ.

ಈಗ ನಾನು ಮಾಡಿದ್ದನ್ನು ಹೇಳಬೇಕು.

ಆ ಚಳಿಗಾಲಕ್ಕೆ ಎರಡು ವರ್ಷ ಹಿಂದೆ, ನಾವಿನ್ನೂ ಹಳಿಯಾಳದಲ್ಲಿದ್ದಾಗ, ದೇವಿ ಹಾಕುವ ಸುಭಾನಿ ಸಾಹೇಬ ನಮ್ಮ ಓಣಿಗೆ ಬಂದಿದ್ದ. ಸೈಕಲ್ಲು, ಚರ್ಮದ ಚೀಲ, ಅದರೊಳಗೆ ಗಾಜಿನ ಸಣ್ಣ ನಳಿಗೆಗಳಲ್ಲಿ ಬೆಳಗಾವಿಯಿಂದ ತರಿಸಿದ ಮದ್ದು. ಮಕ್ಕಳ ತೋಳಿನ ಮೇಲೆ ಮದ್ದು ಸವರಿ ಸೂಜಿಯಿಂದ ಗೀರುತ್ತಿದ್ದ. ಅದು ನಾಲ್ಕು ದಿನಕ್ಕೆ ಗುಳ್ಳೆಯಾಗಿ ಏಳಬೇಕು, ಕೀವು ತುಂಬಿ ಒಣಗಬೇಕು. ಹಾಗಾದರೆ ಮುಂದೆ ಸಿಡುಬಿನ ಭಯವಿಲ್ಲ ಎಂದು ಅವನ ಮಾತು. ನಮ್ಮ ಓಣಿಯ ಹೆಂಗಸರು ಎದುರಿಗೆ ಹೂಂ ಎನ್ನುತ್ತಿದ್ದರು. ಅವನ ಸೈಕಲ್ಲು ತಿರುವು ದಾಟಿತೋ ಇಲ್ಲವೋ, ಮಕ್ಕಳನ್ನು ಹಿತ್ತಲಿಗೆ ಎಳೆದೊಯ್ದು ತೋಳು ಹಿಂಡಿ, ಬೂದಿ ತಿಕ್ಕಿ, ಸುಣ್ಣದ ನೀರಿನಿಂದ ತೊಳೆದುಬಿಡುತ್ತಿದ್ದರು. ಕರೆಯದ ತಾಯಿಯನ್ನು ಕೈಯಾರೆ ಮೈಮೇಲೆ ತಂದುಕೊಳ್ಳುವುದೇಕೆ ಎಂದು ಅವರ ವಾದ. ಅದು ಎಲ್ಲ ಮನೆಯ ರೂಢಿ. ಯಾರೂ ಅದನ್ನು ತಪ್ಪೆಂದು ತಿಳಿದಿರಲಿಲ್ಲ.

ಶಿವವ್ವ ಮಾತ್ರ ಹಾಗಲ್ಲ. ಮುಂಡಗೋಡದ ತವರಿನಲ್ಲಿ ಅವಳ ಇಬ್ಬರು ಅಣ್ಣಂದಿರು ಒಂದೇ ವಾರದಲ್ಲಿ ಸಿಡುಬಿಗೆ ಹೋಗಿದ್ದರು. ತಾನೇ ಮುಂದಾಗಿ ಕಾಶಿಯನ್ನು ಒಯ್ದು ಎರಡೂ ತೋಳಿಗೆ ಎರಡೆರಡು ಕಡೆ ಹಾಕಿಸಿಕೊಂಡು ಬಂದಳು. ಆಮೇಲೆ ಕೊಡ ಎತ್ತಿಕೊಂಡು ನೀರಿಗೆ ಹೋದಳು. ಕಾಶಿ ನನ್ನ ತೊಡೆಯ ಮೇಲಿದ್ದಳು. ತೋಳಿನ ಮೇಲೆ ನಾಲ್ಕು ಕೆಂಪು ಗೀರು. ಗುಳ್ಳೆ ಏಳುತ್ತದೆ, ಕೀವಾಗುತ್ತದೆ, ಕುಳಿ ಬೀಳುತ್ತದೆ ಎಂದು ಸುಭಾನಿ ಹೇಳಿದ್ದು ನನ್ನ ಕಿವಿಯಲ್ಲಿ ಕೂತಿತ್ತು. ನನಗೆ ಬೇರೇನೂ ಕಾಣಲಿಲ್ಲ, ನನ್ನ ಮುಖ ಕಂಡಿತು. ತೋಳಿನಲ್ಲಿ ಎದ್ದದ್ದು ಮುಖಕ್ಕೆ ಏರದೆ ಇರುತ್ತದೆಂದು ಯಾರು ಕಂಡವರು? ಹಿತ್ತಲಿಗೆ ಒಯ್ದು ನಾಲ್ಕನ್ನೂ ಹಿಂಡಿದೆ, ನಿಂಬೆಹಣ್ಣು ಉಜ್ಜಿದೆ, ಬೂದಿ ಒತ್ತಿದೆ. ಕಾಶಿ ಚೀರಿದಳು. ಮರುದಿನವೇ ಚಿಕ್ಕಮ್ಮನಿಗೆ ಆರಾಮಿಲ್ಲವೆಂದು ನೆಪ ಹೇಳಿ ಅವಳನ್ನು ಅತ್ತಿವೇರಿಗೆ ಕರೆದುಕೊಂಡು ಹೋಗಿ ಹದಿನೈದು ದಿನ ಕೂತೆ. ಸುಭಾನಿ ವಾರದ ಮೇಲೆ ನೋಡಲು ಬಂದಾಗ ನಾವಿರಲಿಲ್ಲ. ತಿರುಗಿ ಬಂದು, ಚೆನ್ನಾಗಿ ಎದ್ದು ಒಣಗಿದವು ಎಂದು ಶಿವವ್ವನಿಗೆ ಹೇಳಿದೆ. ಗುರುತು ಇಷ್ಟು ಸಣ್ಣದಾಗಿದೆಯಲ್ಲ ಎಂದು ಅವಳು ಸಂತೋಷಪಟ್ಟಳು.

ಇಷ್ಟೇ ನಾನು ಮಾಡಿದ್ದು. ಪ್ರೀತಿಯಿಂದಲೇ ಮಾಡಿದ್ದು. ಅದನ್ನು ಹೇಳಿಕೊಂಡರೆ ಯಾರಿಗೆ ಏನು ಉಪಯೋಗ?

ಯುಗಾದಿ ಹತ್ತಿರವಿತ್ತು. ಡಿಪೋದಲ್ಲಿ ಕೋಣಗಳಿಂದ ದಿಮ್ಮಿ ಎಳೆಸುವ ಪಾಂಡಪ್ಪ ಎಂಬ ಲಂಬಾಣಿ ಹುಡುಗ ಮುಂಡಗೋಡ ಕಡೆಯ ತನ್ನ ತಾಂಡಾಕ್ಕೆ ಹೋಗಿ ತಿರುಗಿ ಬಂದ. ಕಾಶಿಗೆಂದು ಮುತ್ತುಗದ ಎಲೆಯಲ್ಲಿ ಕವಳಿಹಣ್ಣು ಕಟ್ಟಿಕೊಂಡು ಬಂದಿದ್ದ. ನಮ್ಮ ಕಟ್ಟೆಯ ಮೇಲೆ ಕೂತು, ಮೈ ಕಾದಿದೆ, ಬೆನ್ನು ಮುರಿದು ಬೀಳುತ್ತಿದೆ ಎಂದು ನರಳುತ್ತಲೇ ಅವಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಒಂದೊಂದಾಗಿ ಹಣ್ಣು ತಿನ್ನಿಸಿದ. ಮರುದಿನ ಅವನ ಹಣೆಯ ಮೇಲೆ ಕೆಂಪು ಕಾಣಿಸಿತು. ಅವನ ಜೊತೆ ಅದೇ ತಾಂಡಾದಿಂದ ಬಂದಿದ್ದ ಸೋಮಲಪ್ಪನಿಗೂ ಅವನ ತಂಗಿ ಕಮಲಿಬಾಯಿಗೂ ಜ್ವರ ಹತ್ತಿತು. ಸಾಲುಮನೆಯ ಬಾಗಿಲಿಗೆಲ್ಲ ಬೇವಿನ ತೊಪ್ಪಲು ಏರಿತು, ಒಗ್ಗರಣೆ ನಿಂತಿತು. ಡಿಪೋದವರು ಹಳಿಯಾಳಕ್ಕೆ ಆಳು ಓಡಿಸಿದರು.

ಪಾಂಡಪ್ಪ ಕಟ್ಟೆಯ ಮೇಲೆ ಕೂತ ದಿನವನ್ನು ಬಿಟ್ಟು ಎಣಿಸಿದರೆ ಮೂರನೆಯ ದಿನ ಸುಭಾನಿ ಸಾಹೇಬ ಬಂದ. ಡಿಪೋದ ಮಾವಿನ ಮರದ ಕೆಳಗೆ ಎಲ್ಲರನ್ನೂ ಸಾಲು ನಿಲ್ಲಿಸಿದ. ಅವನ ಹತ್ತಿರ ಇದ್ದ ನಳಿಗೆ ಕಡಿಮೆ, ಜನ ಜಾಸ್ತಿ. ಅದಕ್ಕೇ ಎಲ್ಲರಿಗೂ ಕೇಳುವಂತೆ ಹೇಳಿದ: ರೋಗಿಯ ಸಂಗಡ ಕೂತವರಿಗೆ ಮೂರು ದಿನದೊಳಗೆ, ಹೆಚ್ಚೆಂದರೆ ನಾಲ್ಕು ದಿನದೊಳಗೆ ಮದ್ದು ಬಿದ್ದರೆ ಅದು ರೋಗಕ್ಕಿಂತ ಮುಂದೆ ಓಡುತ್ತದೆ. ಆಮೇಲೆ ಹಾಕಿದರೆ ಹಿಂದೆ ಬೀಳುತ್ತದೆ. ಈ ಮೊದಲು ಹಾಕಿಸಿಕೊಂಡು ಎದ್ದವರಿಗೆ ಈಗ ಬೇಡ, ಇಲ್ಲದವರಿಗೆ ಮೊದಲು. ಶಿವವ್ವ ಹಾಕಿಸಿಕೊಂಡು ಬಹಳ ವರ್ಷವಾಗಿತ್ತೆಂದು ಅವಳಿಗೆ ಇನ್ನೊಮ್ಮೆ ಹಾಕಿದ. ಕೂಸು ಇನ್ನೂ ಹಸಿಗೂಸು, ಸ್ವಲ್ಪ ದೊಡ್ಡದಾಗಲಿ, ಸದ್ಯ ದೂರ ಇಡಿ ಎಂದ. ಆಮೇಲೆ ಕಾಶಿಯ ತೋಳು ಹಿಡಿದ.

ಹಳಿಯಾಳದಲ್ಲಿ ನೀವೇ ಹಾಕಿದ್ದೀರಿ ಎಂದು ಶಿವವ್ವ ನೆನಪು ಮಾಡಿಕೊಟ್ಟಳು. ಅವನು ತೋಳನ್ನು ಬೆಳಕಿಗೆ ಹೊರಳಿಸಿದ. ಗೀರುಗಳ ಮೇಲೆ ಹೆಬ್ಬೆರಳು ಆಡಿಸಿದ. ಇನ್ನೊಂದು ತೋಳು ನೋಡಿದ. ಕುಳಿ ಇರಬೇಕಾದ ಕಡೆ ಬರೇ ಗೆರೆ ಇದ್ದದ್ದು ಅವನಿಗೆ ಸರಿಬರಲಿಲ್ಲ. ಆಗ ಮಗು ಈರಕ್ಕನ ಜೊತೆ ಅತ್ತಿವೇರಿಯಲ್ಲಿತ್ತು ಎಂದು ಶಿವವ್ವ ಹೇಳಿದ್ದಕ್ಕೆ ನನ್ನ ಕಡೆ ತಿರುಗಿದ.

"ಈರಕ್ಕ, ಎದ್ದಿತ್ತೇನು?"

ಶಿವವ್ವ ನನ್ನ ಮಗ್ಗುಲಲ್ಲೇ ನಿಂತಿದ್ದಳು, ಕೂಸು ಅವಳ ಹೆಗಲ ಮೇಲೆ. ಅವಳಾಚೆ ಅಡಿವೆಯ್ಯ. ಇಲ್ಲ ಎಂದರೆ ಎರಡು ವರ್ಷದ ಸುಳ್ಳು ಅಲ್ಲೇ ಬಿಚ್ಚಿಕೊಳ್ಳುತ್ತಿತ್ತು. ನನಗೆ ಈ ಮನೆ ಬಿಟ್ಟರೆ ಇನ್ನೊಂದು ಮನೆ ಇರಲಿಲ್ಲ.

"ಎದ್ದಿತ್ತು," ಅಂದೆ.

"ನಾಲ್ಕೂ?"

"ನಾಲ್ಕೂ ಎದ್ದಿದ್ವು. ಬೇವಿನೆಣ್ಣಿ ಹಚ್ಚಿದ್ದೆ, ಕಲಿ ಸಣ್ಣಗಾತು."

ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿದ. ಈ ಮುಖ ಹೊತ್ತವಳು ಈ ವಿಷಯದಲ್ಲಿ ಸುಳ್ಳು ಹೇಳಲಾರಳು ಎಂದು ನಂಬಿಬಿಟ್ಟ, ಅದು ಅವನ ಕಣ್ಣಿನಲ್ಲೇ ಕಂಡಿತು. ಕಾಶಿಯ ತೋಳು ಬಿಟ್ಟ. ಅವಳಿಗೆ ಸಲ್ಲಬೇಕಾಗಿದ್ದ ಮದ್ದು ಹಿಂದೆ ನಿಂತಿದ್ದ ಬೇರೆ ಮಗುವಿನ ತೋಳಿಗೆ ಹೋಯಿತು. ನಾನು ಕಾಶಿಯ ಕೈ ಹಿಡಿದು ಸಾಲಿನಿಂದ ಹೊರಗೆ ಬಂದೆ.

ಕುಳಗಿಯ ದಾರಿಯಲ್ಲಿ, ವಸತಿಯಿಂದ ದೂರ, ಮೂವರು ರೋಗಿಗಳಿಗೆಂದು ಒಂದು ಚಪ್ಪರ ಹಾಕಿದರು. ಅತ್ತ ಯಾರೂ ದಾಟಬಾರದೆಂದು ಕಾಲುದಾರಿಗೆ ಅಡ್ಡ ಒಂದು ಸಾಗವಾನಿ ದಿಮ್ಮಿ ಉರುಳಿಸಿದರು. ಅದರ ತಲೆಯ ಮೇಲೆ ಅಡಿವೆಯ್ಯನೇ ಹೊಡೆದ ಗುರುತು ಇತ್ತು. ಆರೈಕೆಗೆ ಯಾರು ಹೋಗುತ್ತಾರೆ ಎಂಬ ಮಾತು ಬಂದಾಗ ಸುಭಾನಿ, ಒಮ್ಮೆ ಬಂದು ಹೋದವರಿಗೆ ಇದು ಮತ್ತೆ ಬರುವುದಿಲ್ಲ ಎಂದ. ಎಲ್ಲರ ಕಣ್ಣೂ ನನ್ನ ಕಡೆ ತಿರುಗಿದವು. ಹುಟ್ಟಿದ ಮೇಲೆ ಮೊದಲ ಸಲ ನನ್ನ ಮುಖ ನಾಲ್ಕು ಜನರಿಗೆ ಬೇಕಾಯಿತು. ನಾನು ಸೆರಗು ಸಿಕ್ಕಿಸಿಕೊಂಡು ಹೊರಟೆ. ಹೆಮ್ಮೆಯಿಂದಲೇ ಹೋದೆ, ಅದನ್ನೇಕೆ ಮುಚ್ಚಿಡಲಿ.

ಚಪ್ಪರದೊಳಗೆ ಮೂರು ಚಾಪೆ. ಮೂವರಿಗೂ ಒಂದೇ ರೋಗ, ಒಂದೇ ತಾಂಡಾದಲ್ಲಿ ಹತ್ತಿದ್ದು. ಆದರೆ ಮೂವರ ಮೈಯೂ ಬೇರೆ ಬೇರೆ ದಾರಿ ಹಿಡಿಯಿತು. ಸೋಮಲಪ್ಪನ ಗುಳ್ಳೆಗಳು ದಪ್ಪವಾಗಿ ಎದ್ದು ಮುಖ ಮುಚ್ಚಿಹೋಯಿತು. ಕಣ್ಣು ತೆರೆಯಲು ಬಾರದೆ ಗೂಳಿಯ ಹಾಗೆ ಗುಟುರು ಹಾಕುತ್ತಿದ್ದ. ಪಾಂಡಪ್ಪನಿಗೆ ಅಷ್ಟು ಎದ್ದಿರಲಿಲ್ಲ. ಅವನ ಮೈ ಕೆಂಪಗೆ, ನುಣ್ಣಗೆ, ನೆನೆದ ಬಟ್ಟೆಯ ಹಾಗೆ ಇತ್ತು. ಗಲಾಟೆಯಿಲ್ಲದೆ ಬಿದ್ದಿದ್ದ. ಇವನೇ ಗಟ್ಟಿ, ಇವನೇ ಮೊದಲು ಏಳುತ್ತಾನೆ ಎಂದು ನಾನು ಅಂದುಕೊಂಡೆ. ಕಮಲಿಬಾಯಿಗೆ ಎರಡು ದಿನ ಜ್ವರ ಬಂತು. ಮೈಮೇಲೆ ಅಲ್ಲೊಂದು ಇಲ್ಲೊಂದು ಗುಳ್ಳೆ ಎದ್ದು ಬೇಗನೆ ಒಣಗತೊಡಗಿತು. ಐದನೆಯ ದಿನ ಅವಳೇ ಎದ್ದು ಅಣ್ಣನಿಗೆ ಗಂಜಿ ಕುಡಿಸಿದಳು.

ಅದೇ ಐದನೆಯ ದಿನ ಸುಭಾನಿ ಚಪ್ಪರಕ್ಕೆ ಬಂದ. ಪಾಂಡಪ್ಪನ ಎದೆಯ ಮೇಲೆ ಕೈ ಆಡಿಸಿ ತಲೆ ಅಲ್ಲಾಡಿಸಿದ. ಇವನು ಶಾಂತವಾಗಿದ್ದಾನಲ್ಲ ಎಂದು ನಾನು ಕೇಳಿದ್ದಕ್ಕೆ ಸೋಮಲಪ್ಪನ ಕಡೆ ಬೆರಳು ಮಾಡಿದ.

"ಆತ ಉಳೀತಾನ ನೋಡಕ್ಕಾ. ಗುಳ್ಳಿ ಎದ್ದಾವಂದ್ರ ಮೈ ಜಗಳಾ ಮಾಡಾಕತ್ತೈತಿ ಅಂತ ಲೆಕ್ಕ. ಈ ಹುಡುಗಂದು ಜಗಳಾನ ಸುರು ಆಗಿಲ್ಲ. ನಾ ಹಾಕೋ ಮದ್ದು ಈ ಜಗಳಾನ ಮೈಗೆ ಕಲಿಸತೈತಿ, ಮತ್ತೇನಿಲ್ಲ. ನಿನ್ನ ಮಾರಿ ಮ್ಯಾಲಿನ ಕುಳಿ ಐತಲ್ಲ, ಅಷ್ಟೂ ನೀ ಗೆದ್ದಿದ್ದು."

ಮೂವತ್ತು ವರ್ಷ ನನಗೆ ಯಾರೂ ಹೀಗೆ ಹೇಳಿರಲಿಲ್ಲ. ಕಾಶಿಯ ಮಾತು ಗಂಟಲಿನ ತನಕ ಬಂತು. ಅಷ್ಟರಲ್ಲಿ ಅವನು, ನಿನ್ನಂಥವಳು ಊರಿಗೊಬ್ಬಳಿದ್ದರೆ ನನ್ನ ಕೆಲಸ ಅರ್ಧವಾಗುತ್ತಿತ್ತು ಎಂದ. ಆ ಹೊಗಳಿಕೆ ಕೇಳಿ ಬಾಯಿಗೆ ಬಂದ ಮಾತನ್ನು ನುಂಗಿದೆ. ಅವನು ಸೈಕಲ್ಲು ಹತ್ತಿ ಹೋದ.

ಏಳನೆಯ ದಿನ ಬೆಳಿಗ್ಗೆ ಪಾಂಡಪ್ಪ ಸತ್ತ. ಕಮಲಿಬಾಯಿಯೂ ನಾನೂ ಅವನ ಮೈ ತೊಳೆದೆವು. ಅವನ ಎರಡೂ ತೋಳು ಬರಿದಾಗಿದ್ದವು. ಸೋಮಲಪ್ಪನ ತೋಳೂ ಬರಿದೇ ಎಂದು ನನಗೆ ಗೊತ್ತಿತ್ತು. ಕಮಲಿಬಾಯಿ ಬಳೆ ಮೇಲೆ ಸರಿಸಿಕೊಂಡಾಗ ಅವಳ ತೋಳಿನ ಮೇಲೆ ನಾಲ್ಕಾಣೆಯ ಪಾವಲಿಯಷ್ಟಗಲದ ಹಳೆಯ ಕುಳಿಗಳು ಕಂಡವು. ನಾಲ್ಕು. ಇದು ನಿನಗೆ ಹೇಗೆ ಉಳಿಯಿತು, ಅಣ್ಣನಿಗೆ ಯಾಕಿಲ್ಲ ಎಂದು ಕೇಳಿದೆ.

"ನಮ್ಮ ಯಾಡಿ ಎಲ್ಲಾರದೂ ಒರಸಿಬಿಟ್ಳು," ಅಂದಳು. ಯಾಡಿ ಎಂದರೆ ಅವರಲ್ಲಿ ತಾಯಿ. "ನಾ ಚೀರಕೋತ ಗುಡ್ಡಕ್ಕ ಓಡಿ ಹೋಗಿದ್ದೆ. ಸಿಗಲಿಲ್ಲ ಆಕಿ ಕೈಗೆ."

ಕಾಶಿಯೂ ಚೀರಿದ್ದಳು. ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಮಧ್ಯಾಹ್ನ ಅಡಿವೆಯ್ಯ ಬುತ್ತಿ ತಂದು ದಿಮ್ಮಿಯ ಮೇಲೆ ಇಡುವ ಹೊತ್ತಿಗೆ ನಾನು ಅಲ್ಲಿ ನಿಂತಿದ್ದೆ. ಇತ್ತ ನಾನು, ಅತ್ತ ಅವನು. ಹಿತ್ತಲು, ನಿಂಬೆಹಣ್ಣು, ಬೂದಿ, ಅತ್ತಿವೇರಿ, ಮಾವಿನ ಮರದ ಕೆಳಗಿನ ಸುಳ್ಳು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಬುತ್ತಿಯ ಗಂಟಿನ ಮೇಲೆ ಇಟ್ಟ ಕೈಯನ್ನು ಅವನು ತೆಗೆಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಯಾಕಕ್ಕಾ?" ಅಂದ.

"ನನ್ನ ಮಾರಿ ಆಕಿಗೆ ಬರಬಾರದಂತ."

ಅವನು ಡಿಪೋದವರ ಸೈಕಲ್ಲು ಕೇಳಿ ತೆಗೆದುಕೊಂಡು ಉರಿಬಿಸಿಲಿನಲ್ಲಿ ಹಳಿಯಾಳಕ್ಕೆ ಹೋದ. ಸುಭಾನಿ ಮನೆಯಲ್ಲಿರಲಿಲ್ಲ. ಹಳ್ಳಿಯಿಂದ ಹಳ್ಳಿಗೆ ಹುಡುಕಿಕೊಂಡು ಹೋಗಿ ಮರುದಿನ ಹೊತ್ತು ಏರುವಷ್ಟರಲ್ಲಿ ಕರೆತಂದ. ಕಟ್ಟೆಯ ದಿನದಿಂದ ಎಂಟನೆಯ ದಿನ. ಸುಭಾನಿಯ ಚೀಲದಲ್ಲಿ ಉಳಿದಿದ್ದದ್ದು ಒಂದೇ ನಳಿಗೆ. ಒದ್ದೆ ಬಟ್ಟೆ ಸುತ್ತಿ ಮಣ್ಣಿನ ಗಡಿಗೆಯಲ್ಲಿಟ್ಟು ಬಿಸಿಲಿನಲ್ಲಿ ಊರೂರು ತಿರುಗಿಸಿದ ಮದ್ದು. ಹೊಸದು ಬೆಳಗಾವಿಯಿಂದ ಬರಲು ಇನ್ನೂ ಎರಡು ವಾರ ಬೇಕಾಗಿತ್ತು. ಆ ಮೂರನೆಯ ದಿನ ನನ್ನ ಎದುರಿಗಿದ್ದ ಮದ್ದು ತಾಜಾ ಇತ್ತು. ಈ ಲೆಕ್ಕವನ್ನು ನಾನು ಅವತ್ತಿನಿಂದ ಮಾಡುತ್ತಲೇ ಇದ್ದೇನೆ.

ಕಾಶಿಗೆ ಹಾಕಿ ಮುಗಿಸಿ ಸುಭಾನಿ ದಿಮ್ಮಿಯ ತನಕ ಬಂದ. ನನ್ನನ್ನು ಬೈಯುತ್ತಾನೆಂದು ತಲೆ ತಗ್ಗಿಸಿ ನಿಂತೆ. ಅವನಿಗೆ ಬೈಯುವ ತ್ರಾಣವೂ ಇರಲಿಲ್ಲ. ತಡವಾಯಿತು, ಮದ್ದಿನ ಕಸುವೂ ಉಳಿದಿದೆಯೋ ಇಲ್ಲವೋ, ನಾಲ್ಕು ದಿನದಲ್ಲಿ ತೋಳು ಎದ್ದರೆ ಆಸೆ ಇಟ್ಟುಕೊಳ್ಳಿ ಎಂದು ಹೇಳಿದ. ನಾನು ಎದ್ದಿತ್ತು ಎಂದ ಮಾತನ್ನು ತಾನು ಯಾಕೆ ನಂಬಿದೆನೋ ಎಂದು ತನ್ನನ್ನೇ ಬೈದುಕೊಂಡ. ಅದು ನನಗೆ ಹೆಚ್ಚು ತಾಗಿತು.

ಮುಂದಿನ ನಾಲ್ಕು ದಿನ ನಾನು ಬದುಕಿದ್ದು ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ. ಅಡಿವೆಯ್ಯ ಬುತ್ತಿ ಇಡಲು ಬಂದಾಗ ತೋಳು ಹೇಗಿದೆ ಎಂದು ಕೇಳುತ್ತಿದ್ದೆ. ಒಂದು ದಿನ ಸ್ವಲ್ಪ ಕೆಂಪಾಗಿದೆ ಎಂದ. ಇನ್ನೊಂದು ದಿನ ಒಂದು ಕಡೆ ಸಾಸಿವೆಯಷ್ಟು ಎದ್ದಂತೆ ಕಾಣುತ್ತದೆ ಎಂದ. ಆ ಸಾಸಿವೆಕಾಳನ್ನು ನಂಬಿ ನಾನು ಸೋಮಲಪ್ಪನಿಗೆ ಹಾಡು ಹೇಳಿಕೊಂಡು ಗಂಜಿ ಕುಡಿಸಿದೆ. ಅವನ ಗುಳ್ಳೆಗಳು ಒಣಗಿ ಹಕ್ಕಳೆ ಉದುರುತ್ತಿದ್ದವು, ಕಣ್ಣು ತೆರೆದಿದ್ದ. ಹನ್ನೆರಡನೆಯ ದಿನ ಅಡಿವೆಯ್ಯ, ಆ ಸಾಸಿವೆಯೂ ಒಣಗಿಹೋಯಿತು ಎಂದ. ಹದಿಮೂರನೆಯ ದಿನ ಕಾಶಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದು ದಿಮ್ಮಿಯ ಮೇಲೆ ಮಲಗಿಸಿ ಹಿಂದೆ ಸರಿದು ನಿಂತ. ಅವಳ ಮೈ ಕೆಂಡವಾಗಿತ್ತು.

ಶಿವವ್ವ ದೂರದಲ್ಲಿ ನಿಂತಿದ್ದಳು, ಎದೆಗೆ ಕೂಸು ಅವಚಿಕೊಂಡು. ಆ ಕೂಸಿನ ಸಲುವಾಗಿ ಅವಳು ಈ ಕಡೆ ಕಾಲಿಡುವಂತಿರಲಿಲ್ಲ. ತನ್ನ ಮಗಳನ್ನು ಈ ಸ್ಥಿತಿಗೆ ತಂದವಳ ಕೈಗೇ ಮಗಳನ್ನು ಒಪ್ಪಿಸಬೇಕಾಗಿತ್ತು. ಬೇರೆ ಕೈಯೇ ಇರಲಿಲ್ಲ. ನಾನು ಕಾಶಿಯನ್ನು ಎತ್ತಿಕೊಳ್ಳುವಾಗ ಅವಳು ನನ್ನನ್ನು ನೋಡಿದ ನೋಟವನ್ನು ನಾನು ಯಾರಿಗೂ ಹೇಳಲಾರೆ.

ಜ್ವರ ಹತ್ತಿದ ಮೂರನೆಯ ದಿನಕ್ಕೆ ಕಾಶಿಯ ಮುಖದ ಮೇಲೆ ಕೆಂಪು ಹರಡಿತು. ಗುಳ್ಳೆ ಏಳಬೇಕಾದ ಹೊತ್ತು. ನಾನು ಗಳಿಗೆಗೊಮ್ಮೆ ಒದ್ದೆ ಬೆರಳನ್ನು ಅವಳ ಹಣೆಯಿಂದ ಕೆಳಗೆ ಎಳೆದು ನೋಡುತ್ತಿದ್ದೆ. ಎಲ್ಲಿಯೂ ತಡೆಯುತ್ತಿರಲಿಲ್ಲ. ಒಂದು ಕಾಳು ತಡೆದರೆ ಸಾಕು ಎಂದು ಬೇಡಿಕೊಂಡೆ. ಯಾವ ತಾಯಿಯನ್ನು ಎರಡು ವರ್ಷ ಹಿಂದೆ ಬೂದಿ ಹಚ್ಚಿ ಓಡಿಸಿದ್ದೆನೋ ಅವಳನ್ನೇ ಕೈಮುಗಿದು ಕರೆದೆ. ಬಾ, ಎದ್ದು ಬಾ, ಈ ಮುಖದ ತುಂಬ ಬಾ. ಬೆರಳಿಡಲು ಜಾಗ ಬಿಡಬೇಡ. ಒಂದು ಕಣ್ಣು ಬೇಕಾದರೆ ತೆಗೆದುಕೋ, ಎರಡೂ ತೆಗೆದುಕೋ. ಯಾರೂ ಮದುವೆಯಾಗದಿದ್ದರೆ ನನ್ನ ಜೊತೆ ಇರುತ್ತಾಳೆ, ನಾವಿಬ್ಬರೂ ಪೇಟೆಯಲ್ಲಿ ಬಸುರಿಯರನ್ನು ಹೆದರಿಸುತ್ತ ತಿರುಗುತ್ತೇವೆ. ನಾನು ಇದನ್ನೆಲ್ಲ ಗಟ್ಟಿಯಾಗಿಯೇ ಹೇಳುತ್ತಿದ್ದೆನಂತೆ, ಕಮಲಿಬಾಯಿ ಆಮೇಲೆ ಹೇಳಿದಳು.

ಪ್ರತಿ ಮಧ್ಯಾಹ್ನ ಬುತ್ತಿಯ ಜೊತೆ ಶಿವವ್ವ ಬರುತ್ತಿದ್ದಳು. ದಿಮ್ಮಿಯಿಂದ ಇಪ್ಪತ್ತು ಹೆಜ್ಜೆ ದೂರ ನಿಂತು ಒಂದೇ ಮಾತು ಕೇಳುತ್ತಿದ್ದಳು.

"ಎದ್ದಾವೇನ್ರಿ?"

ಏಳುತ್ತಿವೆ ಎಂದು ಹೇಳಿಬಿಡಲು ನನ್ನ ನಾಲಿಗೆ ತುದಿಗಾಲಲ್ಲಿ ನಿಂತಿರುತ್ತಿತ್ತು. ಒಂದು ದಿನ ಅವಳು ನೆಮ್ಮದಿಯಿಂದ ಉಂಡಾಳು, ಕೂಸಿಗೆ ಹಾಲು ಇಳಿದೀತು. ಆದರೆ ಆ ಮಾತನ್ನು ನಾನು ಒಮ್ಮೆ ಮಾವಿನ ಮರದ ಕೆಳಗೆ ಆಡಿ ಆಗಿತ್ತು. ಇಲ್ಲ ಎಂದೆ. ಮರುದಿನವೂ ಇಲ್ಲ ಎಂದೆ. ಅವಳು ತಿರುಗಿ ಹೋಗುತ್ತಿದ್ದಳು.

ಐದನೆಯ ದಿನ ಕಾಶಿಯ ಒಸಡಿನಿಂದ ರಕ್ತ ಬಂತು. ಅವಳು ಅಳಲಿಲ್ಲ, ರಂಪ ಮಾಡಲಿಲ್ಲ. ಸೋಮಲಪ್ಪನ ಹಾಗೆ ಗುಟುರು ಹಾಕಿದ್ದರೆ ನಾನು ಕುಣಿಯುತ್ತಿದ್ದೆ. ಜಗಳ ಮಾಡು ನನ್ನವ್ವ, ನನ್ನನ್ನು ಒದೆ, ಕಚ್ಚು ಎಂದು ಅವಳ ಕೈಯನ್ನು ನನ್ನ ಕೆನ್ನೆಗೆ ಬಡಿದುಕೊಂಡೆ. ಪಾಂಡಪ್ಪನ ಹಾಗೆ ಸುಮ್ಮನೆ ಮಲಗಿದ್ದಳು.

ಏಳನೆಯ ದಿನ ಬೆಳಗಿನ ಬಿಸಿಲು ಚಪ್ಪರದೊಳಗೆ ಬಿದ್ದಾಗ ಕಣ್ಣು ತೆರೆದು ನೀರು ಕೇಳಿದಳು. ಎರಡು ಹನಿ ಇಳಿಯಿತು. ಆಮೇಲೆ ಅವಳ ಕೈ ತಾನಾಗಿ ನನ್ನ ಮುಖಕ್ಕೆ ಬಂತು.

"ಅತ್ತೀ, ಎಣಸ್ತೇನಿ," ಅಂದಳು.

ಎಣಿಸು ಎಂದು ಮುಖ ಬಗ್ಗಿಸಿದೆ. ಒಂದು, ಎರಡು, ಮೂರು ಎಂದಳು. ನಾಲ್ಕನೆಯ ಕುಳಿಯ ಮೇಲೆ ಬೆರಳು ಇತ್ತು, ಮಾತು ಬರಲಿಲ್ಲ. ಅವಳು ಎಣಿಸುವುದನ್ನು ಮರೆತಿದ್ದಾಳೆಂದು ನಾನು ನಾಲ್ಕು, ಐದು ಎಂದು ಹೇಳಿಕೊಡುತ್ತ ಹೋದೆ. ಇಪ್ಪತ್ತರ ತನಕ ಹೇಳಿದ ಮೇಲೆ ಕಮಲಿಬಾಯಿ ಬಂದು ಆ ಕೈಯನ್ನು ನನ್ನ ಕೆನ್ನೆಯಿಂದ ಮೆಲ್ಲಗೆ ಬಿಡಿಸಿದಳು.

ಮಧ್ಯಾಹ್ನ ಶಿವವ್ವ ಬಂದಳು. ನಾನು ದಿಮ್ಮಿಯ ಹತ್ತಿರ ಬರಿಗೈಯಲ್ಲಿ ಕೂತಿದ್ದೆ. ನನ್ನನ್ನು ನೋಡಿಯೇ ಅವಳಿಗೆ ಗೊತ್ತಾಗಿರಬೇಕು. ಆದರೂ ಕೇಳಿದಳು.

"ಎದ್ದಾವೇನ್ರಿ?"

"ಏಳಲಿಲ್ಲವ್ವಾ," ಅಂದೆ. "ಮುಂಜಾನಿ ಹೋದ್ಲು."

ಅವಳು ನಿಂತಲ್ಲೇ ಕೂತಳು. ಕೂಸು ಅಳುತ್ತಿತ್ತು, ಅವಳಿಗೆ ಕೇಳುತ್ತಿರಲಿಲ್ಲ. ತಲೆ ಎತ್ತದೆ ಕೇಳಿದಳು.

"ಮಾರಿ ಹೆಂಗೈತ್ರಿ ಆಕೀದು?"

"ನುಣ್ಣಗೈತಿ," ಅಂದೆ. "ಒಂದೂ ಕುಳಿ ಇಲ್ಲ."

ನಾನು ಬಯಸಿದ್ದೇ ಅದು. ಎರಡು ವರ್ಷ ಹಿಂದೆ ಹಿತ್ತಲಿನಲ್ಲಿ ಕೂತು ನಾನು ದೇವರಲ್ಲಿ ಬೇಡಿದ್ದು ಅಕ್ಷರಶಃ ನಡೆಯಿತು. ಈಗ ಎದೆ ಒಡೆದುಕೊಂಡು ಅಳಬೇಕೆಂದರೆ ನನಗೆ ಅಳುವ ಹಕ್ಕೂ ಇರಲಿಲ್ಲ.

ಹೂಳಲು ಬರುವವರು ಯಾರೂ ಇರಲಿಲ್ಲ. ಮುಖದ ತುಂಬ ಹಸಿ ಕಲೆಗಳನ್ನು ಹೊತ್ತ ಸೋಮಲಪ್ಪ ಕೋಲು ಊರಿಕೊಂಡು ಎದ್ದು ಬಂದು ಕುಣಿ ತೋಡಿದ. ಆಗಾಗ ಕೂತು ಸುಧಾರಿಸಿಕೊಳ್ಳುತ್ತಿದ್ದ. ನಮ್ಮವರ ಪದ್ಧತಿಯಂತೆ ಕಾಶಿಯನ್ನು ಒಳಗೆ ಕೂಡಿಸಿದವಳು ನಾನು. ಕೊನೆಯ ಸಲ ಮುಖ ತೊಳೆದೆ. ಕೈ ಹಣೆಯಿಂದ ಜಾರಿ ಗದ್ದಕ್ಕೆ ಬಂದು ನಿಂತಿತು. ಅಡಿವೆಯ್ಯ ದಿಮ್ಮಿಯ ಆಚೆ ನಿಂತು ಮಂತ್ರ ಹೇಳಿದ, ನಡುವೆ ತಪ್ಪಿ ಮತ್ತೆ ಮೊದಲಿನಿಂದ ಹೇಳಿದ.

ಎರಡು ದಿನದ ಮೇಲೆ ಬೆಳಗಾವಿಯ ಹೊಸ ನಳಿಗೆಗಳು ಬಂದವು. ಇನ್ನು ಕಾಯುವುದು ಬೇಡ ಎಂದು ಸುಭಾನಿ ಕೂಸಿನ ಎರಡು ತೋಳಿಗೂ ಮದ್ದು ಹಾಕಿದನಂತೆ. ಅದು ಅಡಿವೆಯ್ಯನಿಂದ ತಿಳಿಯಿತು. ಶಿವವ್ವ ಆ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಹಗಲೆಲ್ಲ ಕೂತಲ್ಲೇ ಇದ್ದಾಳೆ, ತೋಳು ಮುಟ್ಟಿಯಾರೆಂದು ಸಾಲುಮನೆಯ ಹೆಂಗಸರು ಬಂದರೂ ಬಾಗಿಲು ತೆರೆಯುವುದಿಲ್ಲ ಎಂದ. ನನಗೆ ಮನೆಗೆ ಬಾ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಸೋಮಲಪ್ಪನೂ ಕಮಲಿಬಾಯಿಯೂ ತಾಂಡಾಕ್ಕೆ ಹೋದ ಮೇಲೆ ರೋಗಿಗಳಿಲ್ಲದ ಚಪ್ಪರದಲ್ಲಿ ಒಬ್ಬಳೇ ಉಳಿದೆ. ಎಲ್ಲಿಗೆ ಹೋಗಬೇಕೆಂದು ಯೋಚಿಸುವುದಕ್ಕೂ ಮನಸ್ಸಿರಲಿಲ್ಲ.

ಕೂಸಿಗೆ ಮದ್ದು ಹಾಕಿದ ಒಂಬತ್ತನೆಯ ದಿನ ಮಧ್ಯಾಹ್ನ ಬುತ್ತಿ ತಂದವಳು ಶಿವವ್ವ. ಈ ಸಲ ಇಪ್ಪತ್ತು ಹೆಜ್ಜೆ ದೂರ ನಿಲ್ಲದೆ ದಿಮ್ಮಿಯ ತನಕ ಬಂದಳು. ಬುತ್ತಿ ಇಟ್ಟಳು. ಕೂಸಿನ ಅಂಗಿಯ ತೋಳನ್ನು ಮೇಲೆ ಸರಿಸಿ, ಒಂದು ತೋಳು ತೋರಿಸಿ, ಹೊರಳಿಸಿ ಇನ್ನೊಂದನ್ನೂ ತೋರಿಸಿದಳು. ತುಂಬಿಕೊಂಡ ದಪ್ಪ ಗುಳ್ಳೆಗಳು, ಸುತ್ತ ಕೆಂಪು.

"ಎದ್ದಾವ ನೋಡ್ರಿ, ಅಕ್ಕಾರ," ಅಂದಳು.

ಅವಳ ದನಿಯಲ್ಲಿ ಕ್ಷಮೆ ಇತ್ತೋ ಶಾಪ ಇತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ದಿಮ್ಮಿಯ ಈ ಕಡೆ ನಿಂತು, ಮುಟ್ಟದೆ, ನಾಲ್ಕನ್ನೂ ಎಣಿಸಿದೆ.